ರಂಗಂಪೇಟೆ-ಒಂದು

ಡಿಸೆಂಬರಿನ ಮೊದಲ ವಾರ ಉಮಾ ರಂಗಂಪೇಟೆಗೆ ಹೋದಾಗ ಮರಿಲಿಂಗಮ್ಮನ ತೊಗರಿ ಎದೆಯೆತ್ತರ ಬೆಳೆದು ಹಸಿರಾಗಿ ನಿಂತಿತ್ತು. ರಸ್ತೆಯ ಮೇಲಿಂದ ನೋಡಿದವರು ಈ ಸಲ ರಾಶಿ ಜೋರು ಎಂದುಕೊಳ್ಳಬೇಕು, ಹಾಗಿತ್ತು. ಹತ್ತಿರ ಹೋದರೆ ಒಂದು ಹೂವಿಲ್ಲ, ಒಂದು ಕಾಯಿಲ್ಲ. ಎಲೆಗಳು ಕಿರಿದಾಗಿ, ತಿಳಿಹಳದಿ ಮಚ್ಚೆ ಬಿದ್ದು, ಗಿಡ ಪೊದೆಯಂತೆ ಕವಲೊಡೆದಿತ್ತು. ರೈತರು ಇದನ್ನು ಗೊಡ್ಡು ರೋಗ ಎನ್ನುತ್ತಾರೆ. ಗಿಡ ಸಾಯುವುದಿಲ್ಲ. ಸುಗ್ಗಿಯವರೆಗೂ ಸೊಂಪಾಗಿ ನಿಂತು ಕೊನೆಗೆ ಏನನ್ನೂ ಕೊಡುವುದಿಲ್ಲ.

ಉಮಾ ಯಾದಗಿರಿಯ ಹೊರಗೆ ಒಂದು ಟ್ರಸ್ಟಿನವರು ನಡೆಸುವ ಬೇಳೆಕಾಳು ಸಂಶೋಧನಾ ಘಟಕದಲ್ಲಿ ಸಹಾಯಕಿ. ಪ್ರತಿ ಮಾರ್ಚಿಗೆ ನೇಮಕದ ಆದೇಶ ಮುಗಿದು, ಮೇಲಿನವರು ಮನಸ್ಸು ಮಾಡಿದರೆ ಏಪ್ರಿಲಿನಲ್ಲಿ ಮತ್ತೆ ಶುರುವಾಗುವ ಕೆಲಸ. ಹೀಗೆ ಆರು ವರ್ಷ ಕಳೆದು ಅವಳಿಗೆ ಮೂವತ್ತೊಂದಾಗಿತ್ತು. ಅಪ್ಪ ಅಂಬಣ್ಣ ಕೃಷ್ಣೆಯಲ್ಲಿ ಬಲೆ ಬೀಸಿ, ಹಿಡಿದ ಮೀನನ್ನು ಸುರಪುರದ ಸಂತೆಗೆ ತಂದು ಮಾರಿ ಅವಳನ್ನು ಎಂಎಸ್ಸಿವರೆಗೆ ಓದಿಸಿದ್ದ. ಮಗಳು ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಗಿಡದ ಡಾಕ್ಟರಿಕಿ ಮಾಡ್ತಾಳ್ರಿ," ಎನ್ನುತ್ತಿದ್ದ. ಹೆಸರಿನ ಹಿಂದೆ ಡಾಕ್ಟರ್ ಇನ್ನೂ ಬಂದಿಲ್ಲ ಎಂಬುದನ್ನು ಅವಳು ಅವನಿಗೆ ಬಿಡಿಸಿ ಹೇಳಿರಲಿಲ್ಲ.

ಮರಿಲಿಂಗಮ್ಮ ಬಿತ್ತಿದ್ದು ಊರ ತೊಗರಿಯಲ್ಲ, 'ಸಗರ ಸಿರಿ'. ಗೊಡ್ಡು ರೋಗ ಇದಕ್ಕೆ ಹತ್ತುವುದೇ ಇಲ್ಲವೆಂದು ಉಮಾಳ ಘಟಕವೇ ಹೊರತಂದ ತಳಿ. ಆ ಮಾತಿಗೆ ಆಧಾರ, ಘಟಕದ ಮುಖ್ಯಸ್ಥ ಡಾ. ಭೀಮಾಶಂಕರ ಮೂರು ವರ್ಷದ ಹಿಂದೆ ಬರೆದ ಪ್ರಬಂಧ. ಇದೇ ಮರಿಲಿಂಗಮ್ಮನ ಹೊಲದ ರೋಗದ ಎಲೆಯಿಂದ ವೈರಸ್ ಬೇರ್ಪಡಿಸಿ, ಅದರ ಜೀನೋಮನ್ನು ಅಕ್ಷರ ಬಿಡದೆ ಓದಿ, ಅದೇ ವೈರಸ್ಸನ್ನು ಹೊಸ ತಳಿಯ ಮೇಲೆ ಬಿಟ್ಟು ನೋಡಿದ್ದೇವೆ, ತಳಿ ಗೆದ್ದಿದೆ ಎಂದು ಅದರಲ್ಲಿತ್ತು. ಲೋಕದ ವಿಜ್ಞಾನಿಗಳೆಲ್ಲ ತೆರೆದು ನೋಡುವ ಅಂತರ್ಜಾಲದ ಸಂಗ್ರಹದಲ್ಲಿ ಆ ವೈರಸ್ಸಿಗೆ ರಂಗಂಪೇಟೆ-ಒಂದು ಎಂದು ಹೆಸರು.

"ಹ್ಯಾಂಗದ ನೋಡವ್ವ ನಿಮ್ಮ ಸಿರಿ," ಎಂದಳು ಮರಿಲಿಂಗಮ್ಮ. ಎಪ್ಪತ್ತರ ಹತ್ತಿರದ ಹೆಂಗಸು. ಗಂಡ ತೀರಿ ಇಪ್ಪತ್ತು ವರ್ಷವಾದರೂ ಆ ನಾಲ್ಕು ಎಕರೆಯಲ್ಲಿ ಏನು ಬಿತ್ತಬೇಕು, ಯಾವಾಗ ಬಿತ್ತಬೇಕು ಎನ್ನುವುದು ಅವಳ ಮಾತಿನಂತೆಯೇ ನಡೆಯುತ್ತಿತ್ತು. ಮಗ ರಾಮಲಿಂಗ, ಸೊಸೆ ಸವಿತಾ ಅವಳನ್ನು ಕೇಳದೆ ಕೂರಿಗೆ ಹೂಡುತ್ತಿರಲಿಲ್ಲ.

"ಎಲಿ ಒಯ್ತೀನಿ ಆಯಿ. ಯಾವ ವೈರಸ್ ಹತ್ತೇದ ಅಂತ ಓದಿ ನೋಡ್ತೀನಿ."

"ಒಯ್ಯಿ. ಈಗರೆ ಒಯ್ಯಾಕ ಬಂದೆಲ್ಲ."

"ಮೊದಲೂ ಒಯ್ದಾರಲ್ಲ ಆಯಿ. ನಮ್ಮ ಸಾಹೇಬರು ಬಂದಿದ್ರಲ್ಲ, ನಾಕು ವರ್ಷದ ಹಿಂದ."

"ಬಂದಿದ್ರು, ಫೋಟೋ ತಕ್ಕೊಂಡ್ರು. ಎಲಿ ಎಲ್ಲಿಂದ ಒಯ್ಬೇಕು? ಅವರು ಬರೋದ್ರಾಗ ರಾಶಿ ಆಗಿ ಹೊಲಾ ಬೈಲಾಗಿತ್ತು. ಬರಿಗೈಲೆ ಹ್ಯಾಂಗ ಕಳಸೋದಂತ ಹೊಸ ಬ್ಯಾಳಿ ಕಟ್ಟಿಕೊಟ್ಟೀನಿ ನಾ."

ಮುದುಕಿ ಎರಡು ವರ್ಷಗಳನ್ನು ಒಂದು ಮಾಡಿಕೊಂಡಿರಬೇಕು ಎಂದುಕೊಂಡು ಉಮಾ ಎಲೆ ಕಿತ್ತು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟಳು. ಮರುದಿನ ಶಹಾಪುರದ ಕಡೆ ಹೋಗಿ ವನದುರ್ಗದ ಎರಡು ಹೊಲಗಳಿಂದಲೂ ಎಲೆ ತಂದಳು. ಅಲ್ಲೂ ಸಗರ ಸಿರಿ ಹೂವಿಲ್ಲದೆ ನಿಂತಿತ್ತು.

ಎಲೆಯಿಂದ ಆರ್‌ಎನ್‌ಎ ತೆಗೆದು ಹೈದರಾಬಾದಿಗೆ ಕಳಿಸಿ, ಯಂತ್ರ ಓದಿದ ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವಷ್ಟರಲ್ಲಿ ಫೆಬ್ರವರಿ ಮುಗಿಯುತ್ತ ಬಂದಿತ್ತು. ಉಮಾಳಿಗೆ ಇಷ್ಟವಾದ ಕೆಲಸವೆಂದರೆ ಇದೇ. ಈ ವೈರಸ್ಸಿನ ಬರಹ ಒಂದೇ ಎಳೆಯಲ್ಲಿ ಇರುವುದಿಲ್ಲ, ಐದಾರು ತುಂಡುಗಳಲ್ಲಿ ಹಂಚಿಹೋಗಿರುತ್ತದೆ. ಅದೂ ನೇರವಾದ ಬರಹವಲ್ಲ. ಗಿಡದೊಳಗೆ ಹೊಕ್ಕ ವೈರಸ್ ಮೊದಲು ತನ್ನ ಬರಹಕ್ಕೆ ಎದುರುಪ್ರತಿ ತೆಗೆಯಬೇಕು. ಆ ಪ್ರತಿಯ ಅಕ್ಷರಗಳನ್ನು ಮೂರು ಮೂರರಂತೆ ಓದಿದಾಗ ಕೊಂಡಿಗೆ ಕೊಂಡಿ ಸೇರಿ ಪ್ರೋಟೀನ್ ತಯಾರಾಗುತ್ತದೆ. ಮೂರನೆಯ ತುಂಡಿನಿಂದ ಆಗುವ ಪ್ರೋಟೀನು ವೈರಸ್ಸಿನ ಆರ್‌ಎನ್‌ಎಯನ್ನು ಅಂಗಿಯಂತೆ ಸುತ್ತಿಕೊಂಡು ಕಾಯುತ್ತದೆ. ಅದಿಲ್ಲದೆ ವೈರಸ್ ಬದುಕಲಾರದು.

ರಂಗಂಪೇಟೆಯ ಎಲೆಯ ವೈರಸ್ಸೂ ವನದುರ್ಗದ್ದೂ ಅಣ್ಣತಮ್ಮಂದಿರಂತೆ ಹೊಂದಿಕೊಂಡವು. ಅಕ್ಷರ ಅಲ್ಲಲ್ಲಿ ಬೇರೆಯಾಗಿದ್ದರೂ ಹೆಚ್ಚಿನವು ಮೂರಕ್ಷರದ ಗುಂಪಿನ ಕೊನೆಯ ಸ್ಥಾನದಲ್ಲಿದ್ದವು, ಅಲ್ಲಿ ಬದಲಾದರೂ ಸಾಮಾನ್ಯವಾಗಿ ಅದೇ ಕೊಂಡಿ ಬರುವುದರಿಂದ ಪ್ರೋಟೀನಿಗೆ ಧಕ್ಕೆಯಿರಲಿಲ್ಲ. ಬದುಕಿರುವ ವೈರಸ್ ಬದಲಾಗುವುದು ಹಾಗೆಯೇ. ಪ್ರೋಟೀನ್ ಕೆಟ್ಟದ್ದು ಸತ್ತುಹೋಗುತ್ತದೆ, ಕೆಡದಿದ್ದದ್ದು ಉಳಿದು ನಮ್ಮ ಕೈಗೆ ಸಿಗುತ್ತದೆ. ಆಮೇಲೆ ಅವಳು ಸಂಗ್ರಹದಿಂದ ರಂಗಂಪೇಟೆ-ಒಂದನ್ನು ಇಳಿಸಿಕೊಂಡು ಪಕ್ಕದಲ್ಲಿಟ್ಟಳು. ಅಕ್ಷರಗಳು ಬಹಳಷ್ಟು ಬೇರೆಯಾಗಿದ್ದವು. ಇರಲಿ ಎಂದು ಪ್ರೋಟೀನಿಗೆ ತಿರುಗಿಸಿದಳು. ಮುನ್ನೂರಕ್ಕೂ ಹೆಚ್ಚು ಕೊಂಡಿಗಳಿರಬೇಕಾದ ಅಂಗಿಯ ಪ್ರೋಟೀನು ನೂರ ಹನ್ನೆರಡನೆಯ ಕೊಂಡಿಗೆ ನಿಂತುಬಿಟ್ಟಿತು. ಅಲ್ಲಿ 'ಇಲ್ಲಿಗೆ ಮುಗಿಯಿತು' ಎಂದು ಹೇಳುವ ಮೂರಕ್ಷರ ಕೂತಿತ್ತು.

ತನ್ನದೇ ತಪ್ಪಿರಬೇಕೆಂದು ಮತ್ತೆ ಇಳಿಸಿಕೊಂಡಳು, ಮತ್ತೆ ತಿರುಗಿಸಿದಳು. ಮೂರು ಸಲವೂ ಅಲ್ಲಿಯೇ ನಿಂತಿತು. ಅಂಗಿಯಿಲ್ಲದ ಈ ವೈರಸ್ ಮರಿಲಿಂಗಮ್ಮನ ಹೊಲದಲ್ಲಿ ಹೇಗೆ ಬದುಕಿತ್ತು? ಸಂಗ್ರಹದ ಉಳಿದ ವೈರಸ್ಸುಗಳೊಂದಿಗೆ ಅದನ್ನು ಹೋಲಿಸುತ್ತ ಹೋದಾಗ ಬೇರೆ ರಾಜ್ಯದವರು ಎಷ್ಟೋ ವರ್ಷದ ಹಿಂದೆ ಸೇರಿಸಿದ್ದ ಒಂದು ಬರಹ ಸಿಕ್ಕಿತು. ರಂಗಂಪೇಟೆ-ಒಂದು ಅದರದೇ ನಕಲು. ವ್ಯತ್ಯಾಸವಿದ್ದದ್ದು ಪ್ರತಿ ಐವತ್ತನೆಯ ಅಕ್ಷರದಲ್ಲಿ ಮಾತ್ರ. ಐವತ್ತು, ನೂರು, ನೂರೈವತ್ತು, ಇನ್ನೂರು. ಪ್ರಕೃತಿಗೆ ಹೀಗೆ ಎಣಿಸಲು ಬರುವುದಿಲ್ಲ. ಯಾರೋ ಕುರ್ಚಿಯಲ್ಲಿ ಕೂತು, ಹೊಸದಾಗಿ ಕಾಣಲೆಂದು ಐವತ್ತಕ್ಕೊಂದು ಅಕ್ಷರ ಬದಲಿಸುತ್ತ ಹೋಗಿದ್ದರು. ಪ್ರೋಟೀನಿನ ಗತಿ ಏನಾಗುತ್ತದೆಂದು ತಿರುಗಿ ನೋಡಿರಲಿಲ್ಲ.

ಎಲಿ ಎಲ್ಲಿಂದ ಒಯ್ಬೇಕು ಎಂದು ಮುದುಕಿ ಕೇಳಿದ್ದು ಆಗ ಅವಳಿಗೆ ನೆನಪಾಯಿತು.

ಊಟದ ಹೊತ್ತು ಮುಗಿದ ಮೇಲೆ ಅವಳು ಭೀಮಾಶಂಕರರ ಕೋಣೆಗೆ ಹೋದಳು. ಅವರು ಕೆಟ್ಟ ಮನುಷ್ಯರೆಂದು ಯಾರೂ ಹೇಳುತ್ತಿರಲಿಲ್ಲ. ಉಮಾ ಸಂದರ್ಶನಕ್ಕೆ ಬಂದ ದಿನ ಅವಳ ಚಪ್ಪಲಿ ಹರಿದದ್ದನ್ನು ಕಂಡು ತಮ್ಮ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದವರು ಅವರು.

"ಸರ್, ರಂಗಂಪೇಟೆ-ಒಂದು ಬದುಕೋ ವೈರಸ್ ಅಲ್ರಿ," ಎಂದು ಕಾಗದಗಳನ್ನು ಮೇಜಿನ ಮೇಲಿಟ್ಟಳು.

ಅವರು ನೂರ ಹನ್ನೆರಡನೆಯ ಕೊಂಡಿಯವರೆಗೂ ಬೆರಳಿಟ್ಟು ಓದಿದರು. ಬೆರಳು ಅಲ್ಲೇ ನಿಂತಿತು.

"ಯಾರಿಗರೆ ಹೇಳೀಯೇನು?"

"ಇಲ್ರಿ."

"ಕೂಡು." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆ ವರ್ಷ ನವೆಂಬರ್‌ದಾಗ ನಮ್ಮಪ್ಪ ಕಲಬುರಗಿ ದವಾಖಾನ್ಯಾಗ ಇದ್ರು. ಎರಡು ತಿಂಗಳು ನಾ ಅಲ್ಲೇ. ರಂಗಂಪೇಟಿಗೆ ಹೋಗೋದ್ರಾಗ ಹೊಲಾ ಖಾಲಿ. ಮಾರ್ಚ್ ಒಳಗ ವರದಿ ಕೊಡದಿದ್ರ ಘಟಕಕ್ಕ ಬೀಗಾ ಹಾಕ್ತಿದ್ರು, ಉಮಾ. ಮುಂದಿನ ವರ್ಷ ಖರೇ ಎಲಿ ತಂದು ಬದಲಿ ಮಾಡಿದ್ರಾತು ಅಂದ್ಕೊಂಡೆ. ಅಷ್ಟ್ರಾಗ ಪ್ರಬಂಧ ಬಂತು, ಸನ್ಮಾನ ಆತು, ತಳಿ ಬಿಡುಗಡಿ ಆತು. ಆಮ್ಯಾಲೆ ಹ್ಯಾಂಗ ಬದಲಿ ಮಾಡ್ಲಿ?"

"ತಳಿ ಮ್ಯಾಲೆ ಬಿಟ್ಟು ನೋಡಿದ್ದು ಯಾವ ವೈರಸ್ರಿ?"

"ಬ್ಯಾರೆ ಕಡಿಂದ ತರಿಸಿದ್ದು. ಇಲ್ಲಿದಲ್ಲ."

ಆಮೇಲೆ ಭೀಮಾಶಂಕರ ಕಾಗದಗಳನ್ನು ಒಟ್ಟು ಮಾಡಿ ಅಂಚು ಸರಿಪಡಿಸುತ್ತ ಹೇಳಿದರು: "ನೀ ಓದಿದ ವೈರಸ್ ಖರೇ ಅದ. ಅದನ್ನ ಪ್ರಕಟ ಮಾಡೋಣು. ರಂಗಂಪೇಟೆ-ಎರಡು. ವೈರಸ್ ರೂಪ ಬದಲಿಸಿ ತಳಿ ಮುರದದ ಅಂತ ಬರಿ. ಮೊದಲನೇ ಹೆಸರು ನಿಂದೇ. ನಿನ್ನ ಪಿಎಚ್‌ಡಿ ಇದರ ಮ್ಯಾಲೇ ಆಗ್ತದ."

"ಬದಲಾಗಿಲ್ಲಲ್ರಿ ಸರ್. ಮೊದಲಿಂದೂ ಇದೇ ಇತ್ತು."

"ವೈರಸ್ ಬದಲಾಗ್ತಾವ ಅನ್ನೋದು ಸುಳ್ಳೇನು? ದಿನಾ ಬದಲಾಗ್ತಾವ. ಹಳೇದ್ರಾಗಿನ ಆ ತಪ್ಪು, ಅದೇ ನೂರ ಹನ್ನೆರಡನೇದು, ಟೈಪಿಂಗ್ ದೋಷ ಅಂತ ತಿದ್ದಿ ಹಾಕ್ತೀನಿ. ಚಲೋ ಆತು ನೀ ತೋರಿಸಿದ್ದು."

ಆ ಕೊನೆಯ ಮಾತು ಅವಳ ಎದೆಗೆ ನಾಟಿತು. ಸುಳ್ಳನ್ನು ಹಿಡಿದವಳು ತಾನು. ಈಗ ಆ ಸುಳ್ಳಿಗೆ ತೇಪೆ ಹಾಕಲು ಜಾಗ ತೋರಿಸಿಕೊಟ್ಟವಳೂ ತಾನೇ.

ಮೂರು ದಿನ ಅವಳು ರಜೆ ಹಾಕಿ ಊರಲ್ಲಿದ್ದಳು. ಅಂಬಣ್ಣ ಹರಿದ ಬಲೆಗೆ ಗಂಟು ಹಾಕುತ್ತ, "ಯಾಕವ್ವ, ಕೆಲಸಾ ಕಾಯಂ ಆಗೂಹಂಗ ಅದನೋ ಇಲ್ಲೋ?" ಎಂದು ಕೇಳಿದ. "ಆಗ್ತದಪ್ಪ," ಎಂದಳು. ಹೇಳಿದ ಮೇಲೆ ಅದು ಆಗಬೇಕೆಂದೇ ಅವಳಿಗೂ ಅನಿಸಿತು. ಪ್ರಬಂಧದಲ್ಲಿ ತನ್ನ ವೈರಸ್ ನಿಜ, ತನ್ನ ಲೆಕ್ಕ ನಿಜ, ಚಿತ್ರಗಳು ನಿಜ. ಸುಳ್ಳಿರುವುದು ಒಂದೇ ವಾಕ್ಯದಲ್ಲಿ, ಅದೂ ಬೇರೆಯವರು ಹೇಳಿದ ಸುಳ್ಳು. ಹೀಗೆ ತನಗೆ ತಾನೇ ಹೇಳಿಕೊಂಡು ಯಾದಗಿರಿಗೆ ಮರಳಿ, ಪ್ರಬಂಧ ಬರೆದು ಸಹಿ ಹಾಕಿದಳು. ಆ ಏಪ್ರಿಲಿನಲ್ಲಿ ಅವಳ ಆದೇಶ ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಬಂತು.

ಮೇ ತಿಂಗಳಲ್ಲಿ, ಬಿತ್ತನೆಗೆ ಮುಂಚೆ, ಸುರಪುರದ ಒಂದು ಕಲ್ಯಾಣ ಮಂಟಪದಲ್ಲಿ ರೈತರ ಸಭೆ ಕರೆದರು. ಸಗರ ಸಿರಿ ಬಿತ್ತಿ ಕಳೆದುಕೊಂಡವರು ಇನ್ನೂರಕ್ಕೂ ಮಿಕ್ಕಿ ಬಂದಿದ್ದರು. ಮಾತಾಡುವ ಕೆಲಸವನ್ನು ಭೀಮಾಶಂಕರ ಉಮಾಳಿಗೆ ವಹಿಸಿದರು. ಇದೇ ಸೀಮೆಯ ಹುಡುಗಿ, ಜನ ಕೇಳುತ್ತಾರೆ ಎಂದರು.

ಜನ ಕೇಳಿದರು. ಗೊಡ್ಡು ರೋಗದ ವೈರಸ್ ಮೂರ್ನಾಲ್ಕು ವರ್ಷದಲ್ಲಿ ರೂಪ ಬದಲಿಸಿದೆ, ತಳಿಯನ್ನು ಪರೀಕ್ಷಿಸಿದಾಗ ಇದ್ದ ವೈರಸ್ಸೇ ಬೇರೆ, ಈಗಿರುವುದೇ ಬೇರೆ ಎಂದು ಅವಳು ಪರದೆಯ ಮೇಲೆ ಎರಡು ಸಾಲು ಬಣ್ಣದ ಅಕ್ಷರ ತೋರಿಸಿ ವಿವರಿಸಿದಳು. "ಬೀಜದ್ದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ರಿ," ಎಂದಳು. ಹಾಗಾದರೆ ನಮ್ಮ ಹಾನಿ ಕಟ್ಟಿಕೊಡುವವರು ಯಾರು ಎಂದು ವನದುರ್ಗದವನೊಬ್ಬ ಕೇಳಿದ. ಯಾರ ತಪ್ಪೂ ಇಲ್ಲದ ಮೇಲೆ ಯಾರನ್ನು ಕೇಳುತ್ತೀರಿ ಎಂದು ಸಗರ ಸಿರಿಯ ಬೀಜ ಮಾರಿದ ಕಂಪನಿಯ ಪರವಾಗಿ ವೇದಿಕೆಯ ಮೇಲಿದ್ದವನು ನಯವಾಗಿ ಉತ್ತರಿಸಿದ.

ಆಗ ಎರಡನೆಯ ಸಾಲಿನಲ್ಲಿ ಮರಿಲಿಂಗಮ್ಮ ಎದ್ದು ನಿಂತಳು.

"ಯವ್ವಾ, ನನಗೊಂದು ತಿಳಿವಲ್ದು. ನಮ್ಮ ಹೊಲದಾಗಿನ ರೋಗ ಬದಲಾಗೇದ ಅಂತಿ. ಮೊದಲ ಹ್ಯಾಂಗಿತ್ತು ಅಂತ ಯಾರ ನೋಡ್ಯಾರ? ನಮ್ಮ ಹೊಲದಾಗ ಮೊದಲ ಸಲ ಎಲಿ ಕಿತ್ತಾಕಿ ನೀನೇ. ಮೊನ್ನೆ, ಡಿಸೆಂಬರ್‌ದಾಗ."

ಭೀಮಾಶಂಕರ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದರು, ತಲೆಯೆತ್ತಲಿಲ್ಲ.

"ನಾಕು ವರ್ಷದ ಹಿಂದನೂ ಒಯ್ದಾರ ಆಯಿ," ಎಂದಳು ಉಮಾ.

"ಒಯ್ದಿಲ್ಲ. ಸಾಹೇಬರು ಬಂದಾಗ ಹೊಲದಾಗ ಒಂದು ಗಿಡಾ ಇದ್ದಿಲ್ಲ. ಹೊಸ ಬ್ಯಾಳಿ ಕಟ್ಟಿಕೊಟ್ಟೀನಿ ನಾ. ಹಸಿ ಎಲಿ ಇದ್ದಾಗ ಹೊಸ ಬ್ಯಾಳಿ ಬರ್ತಾವೇನು?"

ಯಾರೋ ಹಿಂದಿನಿಂದ "ಖರೇ ಅದ ನೋಡು" ಎಂದರು. ಉಮಾ ಮೈಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಆ ಗಳಿಗೆಯಲ್ಲಿ ಅವಳು ಏನನ್ನೂ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷದ ಆದೇಶವನ್ನು ಯೋಚಿಸಿದಳು. ಯೋಚಿಸಿ, ಮುಖದ ಮೇಲೆ ನಗು ತಂದುಕೊಂಡು, ಮನೆಯ ಹಿರಿಯರೊಂದಿಗೆ ಮಾತಾಡುವ ದನಿಯಲ್ಲಿ ಹೇಳಿದಳು:

"ಆಯಿ, ನಿಮಗ ವಯಸ್ಸಾಗೇದ. ಮರ್ತೀರಿ. ಆ ವರ್ಷದ್ದು ಈ ವರ್ಷದ್ದು ಕೂಡಿ ಕಲಸಿಬಿಟ್ಟದ ತಲ್ಯಾಗ."

ಜನ ನಕ್ಕರು. ದ್ವೇಷದ ನಗುವಲ್ಲ, ಮುದುಕರನ್ನು ಕಂಡು ನಗುವ ನಗು. ರಾಮಲಿಂಗ ನಾಚಿಕೆಯಿಂದ ತಾಯಿಯ ಸೆರಗು ಹಿಡಿದು, "ಕೂಡಬೇ, ಸಾಕು," ಎಂದು ಎಳೆದ. ಮರಿಲಿಂಗಮ್ಮ ಕೂತಳು. ಕೂರುವ ಮೊದಲು ಒಂದು ಸಲ ಉಮಾಳ ಮುಖವನ್ನೇ ದಿಟ್ಟಿಸಿ ನೋಡಿದಳು. ಅದರಲ್ಲಿ ಸಿಟ್ಟಿದ್ದಿದ್ದರೆ ಉಮಾ ತಡೆದುಕೊಳ್ಳುತ್ತಿದ್ದಳೇನೋ. ಆ ನೋಟದಲ್ಲಿ ಇದ್ದದ್ದು ಆಶ್ಚರ್ಯ.

ಜುಲೈಯಲ್ಲಿ ಪ್ರಬಂಧ ಸ್ವೀಕಾರವಾದ ಪತ್ರ ಬಂತು. ಘಟಕದಲ್ಲಿ ಪೇಢೆ ಹಂಚಿದರು. ಉಮಾ ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲೆಯೇ ಬಿಟ್ಟಳು. ಎರಡು ದಿನ ಬಿಟ್ಟು ಬಸ್ ಹತ್ತಿ ರಂಗಂಪೇಟೆಗೆ ಹೋದಳು. ಬಾಗಿಲಲ್ಲಿ ಸವಿತಾ ಸಿಕ್ಕಳು.

"ಅತ್ತಿ ಹೊಲಕ್ಕ ಹೋಗ್ಯಾರ್ರಿ. ಕೂಲಿಗಿ."

"ಯಾರ ಹೊಲಕ್ಕ?"

"ನಮ್ಮದಕ್ಕೇ ರಿ. ಲೀಜಿಗಿ ಹಾಕೀವಿ, ಹತ್ತಿ ಹಾಕ್ಯಾರ ಅವರು." ಸವಿತಾ ದನಿ ತಗ್ಗಿಸಿದಳು. "ಸುರಪುರದ ಮೀಟಿಂಗ್ ಆದ ಮ್ಯಾಲೆ ಊರಾಗೆಲ್ಲ ಅತ್ತಿಗಿ ಮರವು ಹತ್ತೇದ ಅಂದ್ರು. ಒಂದಿನ ಹಾಲು ಉಕ್ಕಿತು, ಅದೂ ಮರವು. ಬೀಗದ ಕೈ ಸಿಗಲಿಲ್ಲ, ಅದೂ ಮರವು. ಆ ಕೈ ಖರೇ ನಾನೇ ಇಟ್ಟಿದ್ದೆ. ಅಷ್ಟು ಮಂದ್ಯಾಗ ಮೇಡಂ ಅವರೇ ಅಂದಾರ, ಇನ್ನ ನಿನ್ನ ಮಾತು ಕೇಳಿ ಬಿತ್ತಿದ್ರ ಮನಿ ಹಾಳಾಗ್ತದ ಅಂತ ನಮ್ಮವರು ಜಬರದಸ್ತಿ ಹೆಬ್ಬಟ್ಟು ಒತ್ತಿಸ್ಕೊಂಡ್ರು. ಮೂರು ವರ್ಷಕ್ಕ."

ಉಮಾ ಹೊಲದವರೆಗೆ ನಡೆದುಹೋದಳು. ಹತ್ತಿಯ ಸಾಲುಗಳಲ್ಲಿ ಎಂಟು ಹೆಂಗಸರು ಕಳೆ ತೆಗೆಯುತ್ತಿದ್ದರು. ಮರಿಲಿಂಗಮ್ಮ ಎಲ್ಲರಿಗಿಂತ ಹಿಂದೆ ಇದ್ದಳು. ಉಮಾ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಯಾರಿಗೂ ಕೇಳದಂತೆ ಹೇಳಿದಳು:

"ಆಯಿ, ನೀ ಮರ್ತಿದ್ದಿಲ್ಲ. ನಾನೇ ಸುಳ್ಳು ಹೇಳ್ದೆ. ಅವರು ಎಲಿ ಒಯ್ದೇ ಇಲ್ಲ."

ಮರಿಲಿಂಗಮ್ಮನ ಕೈಯ ಕುರುಪಿ ನಿಲ್ಲಲಿಲ್ಲ.

"ಅದು ನನಗ ಗೊತ್ತಿಲ್ಲೇನು? ನನ್ನ ಕಿವ್ಯಾಗ ಯಾಕ ಹೇಳ್ತಿ? ಹೇಳಬೇಕಾದಲ್ಲಿ ಹೇಳಬೇಕಿತ್ತು."

"ತಪ್ಪಾತು ಆಯಿ."

"ನನ್ನ ಮಗನ ಮುಂದ ಹೇಳು ಹೋಗು."

ರಾಮಲಿಂಗ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿದ್ದ. ಉಮಾ ಹೇಳಿದ್ದನ್ನೆಲ್ಲ ಕೇಳಿ, ಕಪ್ಪು ಕೆಳಗಿಟ್ಟು, "ಮೇಡಂ, ಇನ್ನೂರು ಮಂದಿ ಮುಂದ ಮೈಕಿನ್ಯಾಗ ಒಂದು ಹೇಳಿದ್ರಿ. ಈಗ ಚಾದಂಗಡ್ಯಾಗ ಇನ್ನೊಂದು ಹೇಳ್ತೀರಿ. ಅವ್ವ ಅತ್ತಿರಬೇಕು, ನಿಮಗ ಕನಿಕರ ಬಂದಿರಬೇಕು," ಎಂದ. "ಖರೇ ಇದ್ರ ಕಾಗದದ ಮ್ಯಾಲೆ ತರ್ರಿ."

ಮರುದಿನವೇ ಉಮಾ ಎರಡೂ ಪ್ರಬಂಧ ಸೇರಿದ್ದ ವಿಜ್ಞಾನ ಪತ್ರಿಕೆಯ ಸಂಪಾದಕರಿಗೂ, ವೈರಸ್ಸುಗಳ ಸಂಗ್ರಹ ನಡೆಸುವವರಿಗೂ, ಟ್ರಸ್ಟಿಗೂ ಪತ್ರ ಬರೆದಳು. ಐವತ್ತಕ್ಕೊಂದು ಅಕ್ಷರದ ಪಟ್ಟಿಯನ್ನೂ ನೂರ ಹನ್ನೆರಡನೆಯ ಕೊಂಡಿಯನ್ನೂ ಜೊತೆಗಿಟ್ಟಳು. ತಾನು ಗೊತ್ತಿದ್ದೂ ಸಹಿ ಹಾಕಿದೆ ಎಂಬುದನ್ನೂ ಬರೆದಳು. ಭೀಮಾಶಂಕರ ಅವಳನ್ನು ಕರೆದು ಬೈಯಲಿಲ್ಲ. "ನಿನ್ನ ಕೈಲೆ ನೀನೇ ಬಾಗಿಲಾ ಹಾಕ್ಕೊಂಡಿ," ಎಂದಷ್ಟೇ ಹೇಳಿದರು. ತಿಂಗಳೊಳಗೆ ಅವಳ ಆದೇಶ ರದ್ದಾಯಿತು. ಹೊಸದಾಗಿ ಮಾಡಿಸಿದ್ದ ಪಿಎಚ್‌ಡಿ ನೋಂದಣಿಯೂ ಬಿದ್ದುಹೋಯಿತು. ಭೀಮಾಶಂಕರ ರಾಜೀನಾಮೆ ಕೊಟ್ಟು ಹೈದರಾಬಾದಿನ ಯಾವುದೋ ಬೀಜದ ಕಂಪನಿಗೆ ಸಲಹೆಗಾರರಾಗಿ ಹೋದರು. ಅಲ್ಲಿ ಸಂಬಳ ಹೆಚ್ಚು ಎಂದು ಘಟಕದಲ್ಲಿ ಮಾತಾಡಿಕೊಂಡರು. ಶಹಾಪುರದ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಪಾಠ ಸಿಕ್ಕಿದೆ ಎಂದು ಉಮಾ ಹೇಳಿದಾಗ ಅಂಬಣ್ಣ, "ಹೋಗವ್ವ," ಎಂದು ಅವಳ ಚೀಲವನ್ನು ರಸ್ತೆಯವರೆಗೆ ಹೊತ್ತು ತಂದ.

ಪತ್ರಿಕೆಯವರ ನಿರ್ಧಾರ ಬಂದದ್ದು ಜನವರಿಯಲ್ಲಿ. ಉಮಾ ಅದನ್ನು ಪ್ರಿಂಟ್ ಹಾಕಿಸಿಕೊಂಡು ಒಂದು ಭಾನುವಾರ ರಂಗಂಪೇಟೆಗೆ ಹೋದಳು. ರಾಮಲಿಂಗ, ಸವಿತಾ ಇಬ್ಬರೂ ಮನೆಯಲ್ಲಿದ್ದರು. ಮರಿಲಿಂಗಮ್ಮ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು, ಹತ್ತಿ ಬಿಡಿಸಿ ಒಡೆದುಹೋದ ಬೆರಳುಗಳಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು.

"ಕಾಗದದ ಮ್ಯಾಲೆ ತಂದೀನ್ರಿ," ಎಂದು ಉಮಾ ಇಂಗ್ಲಿಷಿನ ಆರು ಸಾಲನ್ನು ಕನ್ನಡದಲ್ಲಿ ಓದಿ ಹೇಳಿದಳು. ರಂಗಂಪೇಟೆ-ಒಂದು ಎಂಬ ಹೆಸರಿನ ಮಾಹಿತಿಯ ವಿಶ್ವಾಸಾರ್ಹತೆಯ ಬಗ್ಗೆ ಪ್ರಶ್ನೆಗಳು ಎದ್ದಿರುವುದರಿಂದ ಎರಡೂ ಪ್ರಬಂಧಗಳನ್ನು ಹಿಂಪಡೆಯಲಾಗಿದೆ. ಆಗಿರುವ ಅನನುಕೂಲಕ್ಕೆ ಓದುಗರ ಕ್ಷಮೆ ಕೋರಲಾಗಿದೆ.

ರಾಮಲಿಂಗ ಹಾಳೆಯನ್ನು ಇಸಿದುಕೊಂಡು ತಿರುಗಿಸಿ ನೋಡಿದ. "ಆತ್ರಿ," ಎಂದ. "ಆದ್ರ ಲೀಜ್ ಇನ್ನ ಎರಡು ವರ್ಷ ಅದ. ಅವರು ಬಿಡಂಗಿಲ್ಲ." ಹೇಳಿ ಒಳಗೆ ಹೋದ. ತಾಯಿಯ ಕಡೆ ನೋಡಲಿಲ್ಲ.

ಮರಿಲಿಂಗಮ್ಮ ಕೈ ಚಾಚಿದಳು. ಉಮಾ ಹಾಳೆ ಕೊಟ್ಟಳು. ಓದು ಬಾರದ ಮುದುಕಿ ಆರು ಸಾಲಿನ ಮೇಲೆ ಎಣ್ಣೆಯ ಬೆರಳು ಆಡಿಸಿದಳು.

"ಇದ್ರಾಗ ನನ್ನ ಹೆಸರು ಎಲ್ಲದ?"

"ಇಲ್ಲ ಆಯಿ."

"ಮರಿಲಿಂಗಮ್ಮ ಮರ್ತಿದ್ದಿಲ್ಲ ಅಂತ ಬರದಾರೇನು?"

"ಇಲ್ಲ."

"ಕ್ಷಮಾ ಯಾರಿಗಿ ಕೇಳ್ಯಾರ ಅಂದಿ?"

"ಓದುಗರಿಗಿ. ಓದಿದವರಿಗಿ."

ಮರಿಲಿಂಗಮ್ಮ ಹಾಳೆಯನ್ನು ಮಡಿಚದೆ ಹಾಗೇ ವಾಪಸು ಕೊಟ್ಟಳು. "ಹಂಗಾದ್ರ ನೀನೇ ಇಟ್ಕೋ," ಎಂದು ಎಣ್ಣೆಯ ಬಟ್ಟಲಿಗೆ ಮತ್ತೆ ಬೆರಳು ಹಾಕಿದಳು. ಸವಿತಾ ಚಹಾ ತರಲೇ ಎಂದು ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯೆತ್ತದೆ ಬೆರಳಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. ಉಮಾ ಹಾಳೆಯನ್ನು ಚೀಲದಲ್ಲಿಟ್ಟು ಚಪ್ಪಲಿ ಮೆಟ್ಟಿಕೊಂಡಳು.